ಹೊಳೆಯ ಈಚೆ ದಂಡೆಯ ಮಕ್ಕಳಿಗೊಂದು ಪುಸ್ತಕ

ನಮ್ಮ ಮನೆಯ ಮಕ್ಕಳ ಕಪಾಟಿನಲ್ಲಿ ನಲವತ್ತಕ್ಕೂ ಹೆಚ್ಚು ಕನ್ನಡ ಕಥೆಪುಸ್ತಕಗಳಿವೆ. ರಾಯಚೂರಿಗೆ ಹೋದಾಗಲೆಲ್ಲ ಕೊಂಡದ್ದು ಒಂದೆರಡು, ಬೆಂಗಳೂರಿನ ಬಂಧುಗಳಿಂದ ತರಿಸಿದ್ದು ನಾಲ್ಕಾರು, ಹೀಗೆ ಹತ್ತು ವರ್ಷಗಳಲ್ಲಿ ಕೂಡಿಬಂದವು. ಕೆಲವು ದಿನಗಳ ಹಿಂದೆ ಅವನ್ನೆಲ್ಲ ನೆಲದ ಮೇಲೆ ಹರವಿ, ವಕೀಲನ ಚಾಳಿಯಂತೆ, ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ತಿರುವಿಹಾಕಿದೆ: ಇವುಗಳಲ್ಲಿ ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಮಗು ಎಲ್ಲಿದೆ? ಮಲೆನಾಡಿನ ಮಳೆಯಿತ್ತು, ಅಡಕೆಯ ತೋಟವಿತ್ತು, ಕಡಲಿತ್ತು, ಮೈಸೂರಿನ ಆನೆಯಿತ್ತು. ಬೆಂಗಳೂರಿನ ಬಹುಮಹಡಿ ಮನೆಯಲ್ಲಿ ಬೇಸರಪಡುತ್ತ ಕುಳಿತ ಹುಡುಗನೊಬ್ಬನಿದ್ದ. ಈಸೋಪನಿದ್ದ, ತೆನಾಲಿ ರಾಮನಿದ್ದ. ಎರೆಹೊಲದ ಬಿಳಿಜೋಳ ಇರಲಿಲ್ಲ, ತೊಗರಿಯ ಕಣ ಇರಲಿಲ್ಲ, ಮಗ್ಗದ ಮುಂದೆ ಕುಳಿತ ತಾಯಿ ಇರಲಿಲ್ಲ. ಕೃಷ್ಣಾ ನದಿ ಎರಡು ಪುಸ್ತಕಗಳಲ್ಲಿ ಬಂದಿತು; ಆದರೆ ಅದು ಭೂಗೋಳದ ಕೃಷ್ಣೆ, ನಮ್ಮ ಹೊಳೆಯಲ್ಲ.

ತೆಲುಗು ಪುಸ್ತಕಗಳಲ್ಲಿ ಊರು ಸಿಗುತ್ತದೆ. ಗದ್ವಾಲದ ಕೋಟೆ, ಆಲಂಪುರದ ಜೋಗುಳಾಂಬೆ, ಜೂರಾಲ ಅಣೆಕಟ್ಟು ಎಲ್ಲವೂ ಉಂಟು. ಆದರೆ ಆ ಕೋಟೆಯ ಗೋಡೆಯ ಕೆಳಗೆ ನಿಂತು ಕನ್ನಡದಲ್ಲಿ ಮಾತನಾಡುವ ಮಗು ಅಲ್ಲಿಲ್ಲ. ಹೀಗಾಗಿ ನಮ್ಮ ಮಕ್ಕಳಿಗೆ ಒಂದು ಪುಸ್ತಕದಲ್ಲಿ ಭಾಷೆ ದೊರೆಯುತ್ತದೆ, ಇನ್ನೊಂದರಲ್ಲಿ ಊರು ದೊರೆಯುತ್ತದೆ. ಎರಡೂ ಒಂದೇ ಹಾಳೆಯ ಮೇಲೆ ಕೂಡಿಬರುವುದಿಲ್ಲ. ಬಾದಾಮಿಯ ಚಾಲುಕ್ಯರನ್ನು ಕನ್ನಡದ ಮಕ್ಕಳೆಲ್ಲ ಓದುತ್ತಾರೆ. ಗುಹಾಲಯಗಳು, ಪಟ್ಟದಕಲ್ಲು, ಇಮ್ಮಡಿ ಪುಲಿಕೇಶಿ ಎಲ್ಲವೂ ನನ್ನ ಮಗಳಿಗೆ ಬಾಯಿಪಾಠವಾಗಿವೆ. ಅದೇ ಅರಸು ಮನೆತನದವರು ಗದ್ವಾಲದಿಂದ ಒಂದು ಹೊತ್ತಿನಲ್ಲಿ ಹೋಗಿ ಬರಬಹುದಾದ ಆಲಂಪುರದಲ್ಲಿ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದರೆಂಬುದನ್ನು ಅವಳಿಗೆ ಯಾವ ಕನ್ನಡ ಪುಸ್ತಕವೂ ಹೇಳಿರಲಿಲ್ಲ. ತನ್ನ ಜಿಲ್ಲೆಯ ಮಗ್ಗುಲಲ್ಲೇ ಇರುವುದು ತನ್ನ ಪಾಠದ ಚರಿತ್ರೆ ಎಂಬ ಅರಿವೇ ಇಲ್ಲದೆ ಮಗು ಬಾದಾಮಿಯನ್ನು ದೂರದ ದೇಶವೆಂಬಂತೆ ಓದುತ್ತದೆ.

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 7ನೆಯ ಕಲಮು, ಹೊಸ ಮೈಸೂರು ರಾಜ್ಯಕ್ಕೆ ಯಾವ ಯಾವ ಪ್ರದೇಶಗಳು ಸೇರಬೇಕೆಂದು ಹೇಳುತ್ತದೆ. ಅದರಲ್ಲಿ ರಾಯಚೂರು ಜಿಲ್ಲೆ ಬರುತ್ತದೆ, ಆಲಂಪುರ ಮತ್ತು ಗದ್ವಾಲ ತಾಲ್ಲೂಕುಗಳನ್ನು ಹೊರತುಪಡಿಸಿ; ಗುಲಬರ್ಗಾ ಜಿಲ್ಲೆ ಬರುತ್ತದೆ, ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳನ್ನು ಹೊರತುಪಡಿಸಿ. ಮಕ್ತಲ, ನಾರಾಯಣಪೇಟೆಗಳು ಮೊದಲಿನಿಂದಲೇ ಮಹಬೂಬನಗರ ಜಿಲ್ಲೆಯಲ್ಲಿದ್ದುದರಿಂದ ಅವುಗಳಿಗೆ ಹೊರತುಪಡಿಸಲ್ಪಡುವ ಮರ್ಯಾದೆಯೂ ದಕ್ಕಲಿಲ್ಲ. ಗಡಿಯ ಗೆರೆಯನ್ನು ಎಲ್ಲಿ ಎಳೆದರೂ ಕೆಲವರು ಆಚೆ ಉಳಿಯುತ್ತಾರೆ; ಆ ಗೆರೆಯ ಬಗ್ಗೆ ಈಗ ನನಗೆ ತಕರಾರಿಲ್ಲ, ತೆಲುಗು ನೆರೆಹೊರೆಯವರಿಂದ ನಮಗೆ ಕೇಡಾಗಿಲ್ಲ. ಕಾಯ್ದೆಯ ಆ ‘ಹೊರತುಪಡಿಸಿ’ ಎಂಬ ಪದವು ಸದ್ದಿಲ್ಲದೆ ಮಕ್ಕಳ ಕಥೆಪುಸ್ತಕದೊಳಗೂ ಇಳಿದುಬಂದಿರುವುದು ಮಾತ್ರ ನನ್ನನ್ನು ಚುಚ್ಚುತ್ತದೆ.

ಈ ತಪಾಸಣೆಗೆ ನನ್ನನ್ನು ಹಚ್ಚಿದ್ದು ಒಂದು ಇಂಗ್ಲಿಷ್ ಚಿತ್ರಪುಸ್ತಕ. ಅಮೆರಿಕದಲ್ಲಿರುವ ಬಂಧುವೊಬ್ಬರು ನನ್ನ ಮಗಳಿಗೆಂದು ತಂದುಕೊಟ್ಟದ್ದು: ಎಸ್. ಡಿ. ನೆಲ್ಸನ್ ಎಂಬವರು ಬರೆದು, ತಾವೇ ಚಿತ್ರಗಳನ್ನೂ ರಚಿಸಿದ, 2010ರಲ್ಲಿ ಪ್ರಕಟವಾದ ‘ಬ್ಲ್ಯಾಕ್ ಎಲ್ಕ್ಸ್ ವಿಷನ್’. ಅದು ಲಕೋಟಾ ಜನಾಂಗದ ಹಿರಿಯರೊಬ್ಬರ ಜೀವನಕಥೆ. ಐದನೆಯ ತರಗತಿಯ ಮಗಳು ಮೊದಲು ಕೇಳಿದ್ದು, “ಲಕೋಟಾ ಅಂದ್ರ ಕಾಗದ ಹಾಕೋ ಲಕೋಟಿ ಏನಪ್ಪಾ?” ಎಂದು. ಅಲ್ಲವೆಂದೆ. ಅವರನ್ನೂ ಲಕೋಟೆಯಂತೆ ಒಂದು ವಿಳಾಸದಿಂದ ಇನ್ನೊಂದು ವಿಳಾಸಕ್ಕೆ ರವಾನಿಸಿದ ಚರಿತ್ರೆಯಿದೆ ಎನ್ನಬೇಕೆನಿಸಿತು. ಅವಳ ವಯಸ್ಸನ್ನು ನೆನೆದು ಸುಮ್ಮನಾದೆ. ಉತ್ತರ ಅಮೆರಿಕದ ನಡುವಿನ ವಿಶಾಲ ಹುಲ್ಲುಬಯಲಿನಲ್ಲಿ ಕಾಡೆಮ್ಮೆಗಳನ್ನು ನೆಚ್ಚಿ ಬಾಳಿದ ಜನ ಅವರು. ಪುಸ್ತಕವನ್ನು ಬರೆದ ನೆಲ್ಸನ್ ಕೂಡ ಹೊರಗಿನವರಲ್ಲ. ಅದೇ ಬಳಗಕ್ಕೆ ಸೇರಿದ ಸ್ಟ್ಯಾಂಡಿಂಗ್ ರಾಕ್ ಎಂಬ ನೆಲೆಯವರು. ಪುಸ್ತಕ ಓದಿ ಮುಗಿಸಿದ ಮೇಲೆ ಮಗಳು ಕೇಳಿದ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: “ನಮ್ಮ ಮಂದೀದು ಇಂಥಾ ಪುಸ್ತಕ ಇಲ್ಲೇನು?”

ಆ ಜನಾಂಗದ ಮಕ್ಕಳ ಪುಸ್ತಕಗಳ ಬೆನ್ನು ಹತ್ತಿದಾಗ ದೊರೆತ ಸಂಗತಿಗಳನ್ನು ಓದುಗರ ಮುಂದಿಡಬೇಕೆನಿಸುತ್ತದೆ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ಸರಕಾರ ಒಂದು ವಸತಿಶಾಲೆ ತೆರೆಯಿತು. ಮಕ್ಕಳನ್ನು ತಂದೆತಾಯಿಗಳಿಂದ ನೂರಾರು ಹರದಾರಿ ದೂರ ಒಯ್ದು, ಕೂದಲು ಕತ್ತರಿಸಿ, ಮನೆಮಾತನ್ನಾಡಿದರೆ ದಂಡಿಸುತ್ತಿದ್ದರು. ಮೊದಲ ತಂಡದಲ್ಲಿ ಹೋದ ಲಕೋಟಾ ಬಾಲಕನೊಬ್ಬ ಆ ಮೇಲೆ ಬರೆದುಕೊಂಡಿರುವಂತೆ, ಕರಿಹಲಗೆಯ ಮೇಲೆ ಓದಲು ಬಾರದ ಏನೋ ಅಕ್ಷರಗಳನ್ನು ಬರೆದು, ಕೈಗೆ ಕೋಲು ಕೊಟ್ಟು, ಒಂದನ್ನು ಮುಟ್ಟು ಎಂದರಂತೆ. ಮುಟ್ಟಿದ್ದೇ ಅವನ ಹೊಸ ಹೆಸರಾಯಿತು: ಲೂಥರ್. ಆ ಲೂಥರ್ ಸ್ಟ್ಯಾಂಡಿಂಗ್ ಬೇರ್ 1931ರಲ್ಲಿ ತನ್ನ ಬಾಲ್ಯವನ್ನು ಕುರಿತು, ಅಮೆರಿಕದ ಹುಡುಗ ಹುಡುಗಿಯರು ಓದಲೆಂದೇ, ಒಂದು ಪುಸ್ತಕ ಬರೆದ. ತನ್ನ ಮೇಲಿನ ದೌರ್ಜನ್ಯದ ಪಟ್ಟಿಯನ್ನಲ್ಲ. ಬಿಲ್ಲು ಮಾಡುವ ಬಗೆ, ಕುದುರೆ ಪಳಗಿಸುವ ಬಗೆ, ಮೊದಲ ಬೇಟೆಯಲ್ಲಿ ತಾನು ಸುಳ್ಳು ಹೇಳದೆ ಉಳಿದ ಬಗೆ. ನನಗೆ ಆ ಆಯ್ಕೆ ಬಹಳ ಹಿಡಿಸಿತು. ಮಕ್ಕಳಿಗೆ ಬರೆಯುವವನು ಮೊದಲು ಕೊಡಬೇಕಾದದ್ದು ತನ್ನ ಮನೆಯ ಅಂಗಳವನ್ನು, ಅಹವಾಲನ್ನು ಆಮೇಲೆ.

ಇದಕ್ಕೆ ಎದುರಾಗಿ, ಆ ದೇಶದಲ್ಲಿ ಅತ್ಯಂತ ಜನಪ್ರಿಯವಾದ ಮಕ್ಕಳ ಕಾದಂಬರಿಗಳಲ್ಲೊಂದು 1935ರಲ್ಲಿ ಬಂದಿತು. ಲಾರಾ ಇಂಗಲ್ಸ್ ವೈಲ್ಡರ್ ಬರೆದ ‘ಲಿಟಲ್ ಹೌಸ್ ಆನ್ ದ ಪ್ರೇರಿ’. ಅದರ ಮೊದಲ ಅಧ್ಯಾಯದಲ್ಲಿ, ಪಶ್ಚಿಮದ ಆ ನಾಡಿನಲ್ಲಿ ಮನುಷ್ಯರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬರ್ಥದ ಮಾತಿತ್ತು. ಕಥೆ ನಡೆಯುವುದು ಓಸೇಜ್ ಎಂಬ ಬೇರೊಂದು ಜನಾಂಗದ ನೆಲದಲ್ಲಿ. ಆದರೆ ಪುಸ್ತಕವನ್ನು ಓದಬೇಕಾದ ಶಾಲೆಗಳಲ್ಲಿ ಲಕೋಟಾ ಮಕ್ಕಳೂ ಇದ್ದರಲ್ಲ! ಹದಿನೇಳು ಹದಿನೆಂಟು ವರ್ಷ ಆ ಮಾತು ಯಾರ ಕಣ್ಣಿಗೂ ಚುಚ್ಚದೆ ಅಚ್ಚಾಗುತ್ತ ಹೋಯಿತು. ಓದುಗರೊಬ್ಬರು ಪ್ರಕಾಶಕರಿಗೆ ಕಾಗದ ಬರೆದ ಮೇಲೆ, 1953ರ ಆವೃತ್ತಿಯಲ್ಲಿ ‘ಜನರು’ ಎಂಬಲ್ಲಿ ‘ವಲಸಿಗರು’ ಎಂದು ತಿದ್ದಲಾಯಿತು. ಲೇಖಕಿಯ ಹೆಸರಿನಲ್ಲಿದ್ದ ಮಕ್ಕಳ ಸಾಹಿತ್ಯ ಪ್ರಶಸ್ತಿಯ ಹೆಸರನ್ನೂ 2018ರಲ್ಲಿ ಬದಲಿಸಿದರು. ಒಂದು ಪದದ ತಿದ್ದುಪಡಿ ಎಷ್ಟರದೆಂದು ಕೇಳುವವರಿಗೆ, ನ್ಯಾಯಾಲಯದಲ್ಲಿ ಒಂದು ಪದಕ್ಕಾಗಿ ಎಷ್ಟು ಎಕರೆ ಕೈಬಿಟ್ಟು ಹೋಗಿದೆಯೆಂಬುದನ್ನು ನಾನು ಹೇಳಬಲ್ಲೆ.

ಇನ್ನೂ ವಿಚಿತ್ರವಾದದ್ದು 1940ರ ದಶಕದ ಸಂಗತಿ. ಯಾವ ಸರಕಾರದ ಶಾಲೆಗಳು ಮನೆಮಾತನ್ನು ದಂಡಿಸಿದ್ದವೋ ಅದೇ ಸರಕಾರದ ಇಲಾಖೆ ಲಕೋಟಾ ಮತ್ತು ಇಂಗ್ಲಿಷ್ ಎರಡರಲ್ಲೂ ಮಕ್ಕಳ ವಾಚಕಗಳನ್ನು ಅಚ್ಚುಹಾಕಿಸಿತು. ಕಥೆಯನ್ನು ಇಂಗ್ಲಿಷಿನಲ್ಲಿ ಬರೆದವರು ಆ್ಯನ್ ನೋಲನ್ ಕ್ಲಾರ್ಕ್ ಎಂಬ ಬಿಳಿಯ ಶಿಕ್ಷಕಿ. ಲಕೋಟಾಕ್ಕೆ ತಂದವರು ಎಮಿಲ್ ಅಫ್ರೇಡ್ ಆಫ್ ಹಾಕ್. ಚಿತ್ರ ಬರೆದವರು ಆ್ಯಂಡ್ರೂ ಸ್ಟ್ಯಾಂಡಿಂಗ್ ಸೋಲ್ಜರ್ ಎಂಬ ಲಕೋಟಾ ಕಲಾವಿದ. ಮೊದಲು ಬೇರೆ ಭಾಷೆಯಲ್ಲಿ ಹುಟ್ಟಿ ಆಮೇಲೆ ಮನೆಮಾತಿಗೆ ಬಂದ ಪಾಠ ಹೇಗಿರುತ್ತದೆಂಬುದನ್ನು ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ವಾಕ್ಯ ಕನ್ನಡದ್ದೇ, ಉಸಿರು ಮಾತ್ರ ಬೇರೆಯದು. ಆದರೂ ಚಿತ್ರಗಳು ಆ ನೆಲದವನ ಕೈಯವಾಗಿದ್ದವು. ಅಲ್ಲಿಂದ ಮೂವತ್ತು ವರ್ಷಗಳ ಮೇಲೆ, 1972ರಲ್ಲಿ, ರೋಸ್‌ಬಡ್ ನೆಲೆಯ ವರ್ಜೀನಿಯಾ ಡ್ರೈವಿಂಗ್ ಹಾಕ್ ಸ್ನೀವ್ ಎಂಬ ಮಹಿಳೆ ‘ಜಿಮ್ಮಿ ಯೆಲ್ಲೋ ಹಾಕ್’ ಎಂಬ ಮಕ್ಕಳ ಕಥೆ ಪ್ರಕಟಿಸಿದರು. ಅದು ಗರಿ ಮುಡಿದ ವೀರನ ಕಥೆಯಲ್ಲ. ಈಗಿನ ಕಾಲದಲ್ಲಿ ಬಾಳುತ್ತಿರುವ ಸಾಧಾರಣ ಹುಡುಗನ ಕಥೆ. 2011ರಲ್ಲಿ ಕರಡಿ ಕುಟುಂಬವೊಂದರ ಪ್ರಸಿದ್ಧ ಕಾರ್ಟೂನಿನ ಇಪ್ಪತ್ತು ಕಂತುಗಳು ಲಕೋಟಾ ಭಾಷೆಯಲ್ಲಿ ದೂರದರ್ಶನಕ್ಕೆ ಬಂದವು.

ನಮ್ಮ ಪಾಡನ್ನು ಅವರ ಪಾಡಿನೊಂದಿಗೆ ತೂಗುವುದು ಅನ್ಯಾಯ. ನಮ್ಮನ್ನು ಯಾರೂ ಊರಿನಿಂದ ಕಿತ್ತು ಒಯ್ಯಲಿಲ್ಲ. ಹೊಳೆ ದಾಟಿದರೆ ನಮ್ಮ ಭಾಷೆಗೆ ಒಂದು ರಾಜ್ಯವೇ ಇದೆ. ಹೋಲಿಕೆ ಇರುವುದು ಮಕ್ಕಳ ಕಪಾಟಿನಲ್ಲಿ ಮಾತ್ರ. ನಮ್ಮ ಶಾಲೆಗಳ ಹಾಜರಿಪುಸ್ತಕ ವರ್ಷವರ್ಷಕ್ಕೆ ತೆಳ್ಳಗಾಗುತ್ತಿರುವುದಕ್ಕೆ ನೌಕರಿಯ ಚಿಂತೆ ಕಾರಣ, ಇಂಗ್ಲಿಷಿನ ಆಸೆ ಕಾರಣ ಎನ್ನುತ್ತೇವೆ. ಇರಬಹುದು. ಆದರೆ ಕನ್ನಡವೆಂದರೆ ಬೇರೆ ಊರಿನ ಮಾತು ಎಂದು ಏಳು ವರ್ಷದ ಮಗುವಿಗೆ ಅನಿಸಿಬಿಟ್ಟರೆ, ಅದನ್ನು ಬಿಡಲು ಆ ಮಗುವಿಗೆ ಯಾವ ನೋವೂ ಆಗುವುದಿಲ್ಲ. ನನಗೆ ಅಂಜಿಕೆ ಇರುವುದು ಅಲ್ಲಿ.

ಕನ್ನಡದ ಮಕ್ಕಳ ಸಾಹಿತ್ಯದ ಹಿರಿಯರಾದ ಪಂಜೆ ಮಂಗೇಶರಾಯರು ನಮ್ಮಿಂದ ಅಷ್ಟೇನೂ ದೂರದಲ್ಲಿರಲಿಲ್ಲವೆಂಬುದು ಹಲವರಿಗೆ ಹೊಸ ಸಂಗತಿಯಾಗಬಹುದು. 1934ರ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ನಿಜಾಮರ ರಾಜ್ಯದ ರಾಯಚೂರಿನಲ್ಲಿ, ಅಧ್ಯಕ್ಷರು ಪಂಜೆಯವರು. ಅವರು ಕೊನೆಯುಸಿರೆಳೆದದ್ದು 1937ರಲ್ಲಿ, ಹೈದರಾಬಾದಿನಲ್ಲಿ. ಕರಾವಳಿಯ ತುಳು ಪಾಡ್ದನಗಳ ವೀರರಾದ ಕೋಟಿ ಚೆನ್ನಯರನ್ನು ಕನ್ನಡದ ಮಕ್ಕಳಿಗೆ ಕಥೆಯಾಗಿ ಕೊಟ್ಟವರು ಅವರು. ತಮ್ಮ ನೆಲದ ಕಥೆಯನ್ನು, ಅದು ಬೇರೆ ಮಾತಿನಲ್ಲಿದ್ದರೂ, ಕನ್ನಡಕ್ಕೆ ತಂದರೆ ಕನ್ನಡಕ್ಕೆ ಮೈಲಿಗೆಯಾಗುವುದಿಲ್ಲವೆಂದು ಅವರಿಗೆ ತಿಳಿದಿತ್ತು. ನಮ್ಮ ಹಾಗೆಯೇ 1956ರಲ್ಲಿ ಆಚೆ ಉಳಿದ ಕಾಸರಗೋಡಿನಲ್ಲಿ ಕಯ್ಯಾರ ಕಿಞ್ಞಣ್ಣ ರೈಯವರು ಶಾಲೆಯ ಮಾಸ್ತರಾಗಿದ್ದುಕೊಂಡೇ ಮಕ್ಕಳಿಗೆ ಪದ್ಯಗಳನ್ನು ಬರೆದರು. ನಮ್ಮ ಭಾಗದ ಮಾಸ್ತರರು ಅಂಥ ಕೆಲಸಕ್ಕೆ ಅಸಮರ್ಥರೆಂದು ನಾನು ನಂಬುವುದಿಲ್ಲ; ಕೇಳಿದವರಿಲ್ಲ, ಅಷ್ಟೆ.

ಭಾಷೆಯ ಮಾತು ಬಂದಾಗ ಒಂದು ಕಹಿಯನ್ನೂ ಹೇಳಬೇಕು. ಮಗಳು ಪ್ರಬಂಧವೊಂದರಲ್ಲಿ ‘ಉಳ್ಳಾಗಡ್ಡಿ’ ಎಂದು ಬರೆದದ್ದಕ್ಕೆ ಕೆಂಪು ಗೆರೆ ಬಿದ್ದು ‘ಈರುಳ್ಳಿ’ ಎಂದಾಗಿತ್ತು. ‘ಶೇಂಗಾ’ ಹೋಗಿ ‘ಕಡಲೆಕಾಯಿ’ ಬಂದಿತ್ತು. ‘ದವಾಖಾನಿ’ಗೆ ಎರಡು ಗೆರೆ. ಶಿಕ್ಷಕರ ಉದ್ದೇಶ ಒಳ್ಳೆಯದೇ. ಶಿಷ್ಟ ಕನ್ನಡ ಕಲಿಯಲಿ ಎಂಬುದು. ನಾನು ಈ ಲೇಖನವನ್ನು ಬರೆಯುತ್ತಿರುವುದೂ ಅದೇ ಶಿಷ್ಟ ಕನ್ನಡದಲ್ಲಿ. ಆದರೆ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕೇಳುವ ಪದ ತಪ್ಪು ಎಂದಾದರೆ ಮನೆಯೇ ತಪ್ಪು ಎಂದಾಯಿತು. ಉತ್ತರ ಕರ್ನಾಟಕದ ಕೋಟ್ಯಂತರ ಜನ ಆಡುವ ಮಾತು ಹೊಳೆ ದಾಟಿದ ಕೂಡಲೇ ಹೇಗೆ ಅಶುದ್ಧವಾಯಿತು? ತೆಲುಗು ಉರ್ದುಗಳು ಬೆರೆತ ನಮ್ಮ ಮಾತಿನಲ್ಲಿ ಒಂದಾದರೂ ಅಚ್ಚಾದ ಕಥೆಪುಸ್ತಕವಿದ್ದರೆ ಮಗು ಅದನ್ನು ತೋರಿಸಿ ‘ಇಲ್ಲಿದೆ ನೋಡ್ರಿ ಸಾರ್’ ಎನ್ನಬಹುದಿತ್ತು.

ಕಾನೂನು ಏನು ಹೇಳುತ್ತದೆಂದು ಪಾಲಕರು ನನ್ನನ್ನು ಕೇಳುವುದುಂಟು. ಸಂವಿಧಾನದ 350ಎ ಅನುಚ್ಛೇದ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಲು ರಾಜ್ಯವು ಪ್ರಯತ್ನಿಸಬೇಕು ಎನ್ನುತ್ತದೆ. ಗಡಿಗಳನ್ನು ಮರುಜೋಡಿಸಿದ ಅದೇ 1956ರಲ್ಲಿ, 7ನೆಯ ತಿದ್ದುಪಡಿಯ ಮೂಲಕ ಬಂದ ಅನುಚ್ಛೇದವಿದು. ‘ಪ್ರಯತ್ನಿಸಬೇಕು’ ಎಂಬುದು ಕಕ್ಷಿದಾರನಿಗೆ ಸಿಹಿ, ವಕೀಲನಿಗೆ ಕಷ್ಟ. ಆದರೆ ಇನ್ನೊಂದು ಕಡೆ ಬಹಳ ಸಾದಾ ಮಾತಿನಲ್ಲಿ ಬರೆದದ್ದಿದೆ, ಅದನ್ನು ಬಹಳ ಜನ ನೋಡಿರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯ ಅನುಸೂಚಿಯಲ್ಲಿ, ಶಾಲೆಗೆ ಎಷ್ಟು ಕೊಠಡಿ, ಎಷ್ಟು ಶಿಕ್ಷಕರು ಎಂಬುದರ ಜೊತೆಗೆ, ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಅದರಲ್ಲಿ ಪತ್ರಿಕೆಗಳು, ಎಲ್ಲ ವಿಷಯಗಳ ಪುಸ್ತಕಗಳು ಮತ್ತು ಕಥೆಪುಸ್ತಕಗಳೂ ಇರಬೇಕು ಎಂದಿದೆ. ಕಥೆಪುಸ್ತಕ ಎಂಬ ಪದವೇ ಅಲ್ಲಿದೆ! ಅದೇ ಕಾಯ್ದೆಯ 21ನೆಯ ಕಲಮಿನ ಪ್ರಕಾರ ಸರಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. 22ನೆಯ ಕಲಮು ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವ ಕೆಲಸವನ್ನು ಆ ಸಮಿತಿಗೇ ಒಪ್ಪಿಸಿದೆ. ಕನ್ನಡ ಮಾಧ್ಯಮದ ಶಾಲೆಯ ಪಾಲಕರು ಮುಂದಿನ ಸಭೆಯಲ್ಲಿ ಕನ್ನಡ ಕಥೆಪುಸ್ತಕಗಳ ಬೇಡಿಕೆಯನ್ನು ಬರಹದಲ್ಲಿ ಕೊಟ್ಟು ನಡಾವಳಿ ಪುಸ್ತಕದಲ್ಲಿ ದಾಖಲಿಸಲಿ. ಬಾಯಿಮಾತಿನ ಬೇಡಿಕೆ ಗಾಳಿಗೆ ಹೋಗುತ್ತದೆ.

ಕೊಂಡು ತರುವ ಪುಸ್ತಕಗಳಲ್ಲಿ ನಮ್ಮ ಊರು ಇರಲಾರದು. ಅದನ್ನು ನಾವೇ ಬರೆಯಬೇಕು. ಕಥೆಗಳಿಗೇನು ಬರವೇ? ಮಕ್ತಲದ ಕಡೆಯಿಂದ ಹರಿಗೋಲಿನಲ್ಲಿ ಕುಳಿತು ಕುರುವಾಪುರದ ನಡುಗಡ್ಡೆಗೆ ಹೋಗುವ ಮಗು, ಹುಟ್ಟು ಹಾಕುವವನ ಎದುರಿಗೆ ಕುಳಿತಂತೆಯೇ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ದಾಟಿಬಿಡುತ್ತದೆ. ಭೀಮೆ ಬಂದು ಕೃಷ್ಣೆಯನ್ನು ಕೂಡುವುದೂ ನಮ್ಮ ಮಗ್ಗುಲಲ್ಲೇ. ಗದ್ವಾಲದ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ; ಎರಡನ್ನೂ ಬೇರೆ ಬೇರೆಯಾಗಿ ಇಡದೆ ನೂಲಿಗೆ ನೂ​ಲು ಸಿಕ್ಕಿಸಿ ಮಗ್ಗದ ಮೇಲೆಯೇ ಕೂಡಿಸುತ್ತಾರೆ. ನಾರಾಯಣಪೇಟೆಯ ಸೀರೆಗೆ ಚೌಕಳಿಯ ಒಡಲು, ಗುಡಿಯ ಗೋಪುರದಂಥ ಅಂಚು. ಶಿವಾಜಿಯ ದಂಡಿನ ಜೊತೆ ಬಂದು ಇಲ್ಲೇ ಉಳಿದ ನೇಕಾರರಿಂದ ಅದು ಶುರುವಾಯಿತೆಂದು ಊರಿನ ಹಿರಿಯರು ಹೇಳುತ್ತಾರೆ. ಕಥೆ ನಿಜವಿರಲಿ ಬಿಡಲಿ, ಮಕ್ಕಳಿಗೆ ಹೇಳಲು ಚೆನ್ನಾಗಿದೆ. ಓಣಿಯಲ್ಲಿ ಲಾಳಿಯ ಸದ್ದು ಕೇಳುತ್ತ ಬೆಳೆದ ಮಗುವಿಗೆ ‘ಲಾಳಿ’ ಎಂಬ ಪದವನ್ನು ಕನ್ನಡ ಪುಸ್ತಕದಲ್ಲಿ ಒಮ್ಮೆಯಾದರೂ ಓದುವ ಭಾಗ್ಯವಿರಬೇಕು.

ಬರೆಯುವುದು ಎಲ್ಲಿಂದ ಆರಂಭ ಎಂಬುದಕ್ಕೂ ಲಕೋಟಾ ಜನರಿಂದಲೇ ಒಂದು ದಾರಿ ಸಿಕ್ಕಿತು. ಅವರ ವರ್ಷ ಮೊದಲ ಹಿಮ ಬಿದ್ದಾಗಿನಿಂದ ಮುಂದಿನ ವರ್ಷದ ಮೊದಲ ಹಿಮದವರೆಗೆ. ಹಿರಿಯರು ಕೂಡಿ, ಕಳೆದ ವರ್ಷದ ಒಂದೇ ಒಂದು ಘಟನೆಯನ್ನು ಆರಿಸಿ, ತೊಗಲಿನ ಮೇಲೆ ಒಂದು ಚಿತ್ರ ಬರೆಸುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಚಳಿಗಾಲದ ಎಣಿಕೆ ಎಂಬರ್ಥದ ಹೆಸರಿದೆ. ಚಿತ್ರವನ್ನು ತೋರಿಸಿ ವರ್ಷದ ಕಥೆ ಹೇಳುವವನೊಬ್ಬನಿರುತ್ತಿದ್ದ. 1833ರ ನವೆಂಬರಿನಲ್ಲಿ ಉಲ್ಕೆಗಳ ಮಳೆಯಾಯಿತು. ಬೇರೆ ಬೇರೆ ತಂಡಗಳವರು ಬರೆದ ಎಣಿಕೆಗಳಲ್ಲಿ ಆ ವರ್ಷಕ್ಕೆ ಉದುರುವ ನಕ್ಷತ್ರಗಳೇ ಇವೆ. ನಮ್ಮ ಹಿರಿಯರೂ ವರ್ಷವನ್ನು ಅಂಕಿಯಿಂದ ನೆನೆಯುವವರಲ್ಲ. 1876ರಿಂದ 78ರ ಮಹಾಕ್ಷಾಮ ಅವರಿಗೆ ಇಂದಿಗೂ ಧಾತು ಈಶ್ವರ ಬರ. ಎರಡು ಸಂವತ್ಸರಗಳ ಹೆಸರೇ ಬರದ ಹೆಸರಾಯಿತು.

ಈ ಬೇಸಗೆಯ ರಜೆಯಲ್ಲಿ ಮನೆಯ ಮಕ್ಕಳು ಐವರು, ನೂರು ಹಾಳೆಯ ಪಟವಹಿಯೊಂದನ್ನು ಇಟ್ಟುಕೊಂಡು, ನನ್ನ ಅಜ್ಜಿಯ ತಂಗಿಯ ಮುಂದೆ ಕುಳಿತರು. ಎಂಬತ್ತು ದಾಟಿದ ಅವರನ್ನು ನಾವೆಲ್ಲ ಸಣ್ಣಜ್ಜಿ ಎನ್ನುತ್ತೇವೆ. ಒಂದು ಹಾಳೆಗೆ ಒಂದು ವರ್ಷ, ಒಂದು ಚಿತ್ರ, ಕೆಳಗೆ ಅಜ್ಜಿ ಹೇಳಿದ ಮಾತು ಹೇಳಿದ ಹಾಗೆಯೇ. 1948ಕ್ಕೆ ಜೋಳದ ಬೆಳೆಯ ನಡುವೆ ಅಡಗಿದ ಹೆಂಗಸರು ಮಕ್ಕಳು: “ರಜಾಕಾರರ ಗದ್ಲದಾಗ ಹೊಲದಾಗ ಮಲಗೀವಿ.” 1972ಕ್ಕೆ ಒಂದು ಸುತ್ತಿಗೆ, ಒಂದು ರಾಶಿ ಜಲ್ಲಿ: “ಬರ ಬಿತ್ತು, ಕಲ್ಲು ಒಡದೀವಿ.” 2009ರ ಅಕ್ಟೋಬರಿಗೆ ಸೂರಿನವರೆಗೆ ನೀಲಿ ಬಣ್ಣ: “ಹೊಳಿ ಮನೀಗೆ ಬಂತು.” 2019ಕ್ಕೆ ನಾರಾಯಣಪೇಟೆ ಜಿಲ್ಲೆಯಾದದ್ದನ್ನು ಬರೆಯೋಣವೆಂದರೆ ಮಕ್ಕಳು ಒಪ್ಪಲಿಲ್ಲ, ಆ ವರ್ಷ ನಮ್ಮ ಎಮ್ಮೆ ಎರಡು ಕರು ಹಾಕಿತ್ತಂತೆ. ಎಮ್ಮೆಯೇ ಗೆದ್ದಿತು.

1956ಕ್ಕೆ ಏನು ಬರೆಯಬೇಕೆಂದು ನನಗೆ ನಿಶ್ಚಯವಿತ್ತು: ಒಂದು ನಕ್ಷೆ, ನಡುವೆ ಒಂದು ಗೆರೆ. ಸಣ್ಣಜ್ಜಿಯನ್ನು ಕೇಳಿದರೆ, “ಆ ವರ್ಷ ಏನೂ ಆಗ್ಲಿಲ್ಲಪಾ. ನನ್ನ ಲಗ್ನ ಆತು,” ಎಂದರು. ಅವರ ತವರು ಹೊಳೆಯ ಆಚೆ, ರಾಯಚೂರಿನ ಕಡೆ. ನಿಜಾಮರ ಕಾಲದ ಸಿರಾತ್-ಎ-ಜೂದಿ ಸೇತುವೆಯ ಮೇಲೆ ಎತ್ತಿನ ಗಾಡಿಯಲ್ಲಿ ಈಚೆಗೆ ಬಂದರಂತೆ. ಬರುವಾಗ ಎರಡೂ ದಂಡೆ ಒಂದೇ ರಾಜ್ಯ, ದೀಪಾವಳಿಗೆ ತವರಿಗೆ ಹೊರಟಾಗ ಬೇರೆ ಬೇರೆ. ಗಾಡಿಗೆ ಅದು ಗೊತ್ತಾಗಲಿಲ್ಲ ಎಂದು ನಕ್ಕರು. ಮಕ್ಕಳು ಸೇತುವೆ ಬರೆದರು, ಗಾಡಿ ಬರೆದರು, ಗಾಡಿಯಲ್ಲಿ ಹಸಿರು ಸೀರೆಯ ಹುಡುಗಿಯನ್ನು ಕೂಡಿಸಿದರು. ನಾನು ಗೆರೆಯ ಮಾತೆತ್ತಿದಾಗ ಮಗಳು ಕುಂಚ ಹಿಡಿದು ಕೇಳಿದಳು: “ಸೇತುವೆ ಮ್ಯಾಲ ಎಲ್ಲಿ ಬರ್ತದ ಅಪ್ಪಾ, ತೋರ್ಸು.” ನಾನು ತೋರಿಸುವಷ್ಟರಲ್ಲಿ ಹಾಳೆ ಒಣಗಿತ್ತು. ಆ ಸೇತುವೆಗೆ ಕಮಾನು ಎಷ್ಟು ಎಂಬ ವಾದ ಮಾತ್ರ ಇನ್ನೂ ಬಗೆಹರಿದಿಲ್ಲ. ಬರುವ ಭಾನುವಾರ ಎಲ್ಲರೂ ಹೋಗಿ ಎಣಿಸಿ ಬರುವುದೆಂದು ತೀರ್ಮಾನವಾಗಿದೆ.